ಮರೆತಿಲ್ಲ, ಎಳೆದಿಲ್ಲ

ಬಸ್ ಡಿಪೋ ಮ್ಯಾನೇಜರ್ ಅರ್ಕಾದಿ ಲ್ವೊವಿಚ್, ಡ್ರೈವರ್ ಆಯ್ತಲೀನಾ ಅಕ್ಕನ ಮುಂದಿಟ್ಟ ಕಾಗದದಲ್ಲಿ ಒಂದೇ ಸಾಲು: ‘ಹ್ಯಾಂಡ್‌ಬ್ರೇಕ್ ಎಳೆಯಲು ಮರೆತೆ.’ ಸಹಿ ಹಾಕಿದರೆ ತಪ್ಪು ಅವಳದು, ಕೆಲಸ ಉಳಿಯುತ್ತದೆ. ಹಾಕದಿದ್ದರೆ ನಾಳೆ ಮಧ್ಯಾಹ್ನದೊಳಗೆ ಬಸ್ಸಿನ ಕೀಲಿ ಕೊಟ್ಟು ಮನೆಗೆ.

“ಮರೆತಿಲ್ಲ,” ಅಂದಳು ಅಕ್ಕ. “ಇಪ್ಪತ್ತಾರು ಚಳಿಗಾಲದಿಂದ ಬೇಕಂತಲೇ ಎಳೆದಿಲ್ಲ. ಹಂಗಂತ ಬರ್ಕೊಳಿ.”

ಯಾಕುತಿಯಾದ ನಮ್ಮೂರಲ್ಲಿ ಮೈನಸ್ ಐವತ್ತರ ಚಳಿಗೆ ಹ್ಯಾಂಡ್‌ಬ್ರೇಕ್ ಎಳೆಯುವವನನ್ನು ಕಂಡು ಮಕ್ಕಳೂ ನಗುತ್ತವೆ. ಒಳಗಿನ ಪಸೆ ಹೆಪ್ಪುಗಟ್ಟಿ ಬ್ರೇಕು ಚಕ್ರವನ್ನು ಕಚ್ಚಿ ಹಿಡಿಯುತ್ತದೆ. ಇಂಜಿನ್ ಆರಿಸಿದರೆ ಮತ್ತೆ ಹೊತ್ತುವುದಿಲ್ಲ. ಅದನ್ನು ಓಡುತ್ತಲೇ ಬಿಡುವುದರಿಂದ ಗೇರಿನಲ್ಲಿ ನಿಲ್ಲಿಸುವಂತೆಯೂ ಇಲ್ಲ. ನಮಗಿದ್ದ ಆಸರೆ ಚಕ್ರದಡಿಗೆ ತುರುಕುವ ಮರದ ತುಂಡೊಂದೇ. ದಕ್ಷಿಣದ ಬೆಚ್ಚನೆ ಪಟ್ಟಣದಿಂದ ಬಂದ ಅರ್ಕಾದಿ, ಅಂಗಳ ಗಲೀಜಾಗುತ್ತದೆಂದು ಆ ತುಂಡುಗಳನ್ನೆಲ್ಲ ಬಾಚಿಸಿ ತನ್ನ ಬಚ್ಚಲೊಲೆಯ ಪಕ್ಕ ಪೇರಿಸಿದ. ಮೂರನೆಯ ದಿನ, ಅಕ್ಕ ತುಂಡಿನ ಬದಲು ಚಕ್ರಕ್ಕೆ ಅಡ್ಡ ಕೊಟ್ಟಿದ್ದ ಮಂಜುಗಡ್ಡೆ ಪುಡಿಯಾಗಿ, ಖಾಲಿ ಬಸ್ಸು ಅಂಗಳದ ಇಳಿಜಾರಲ್ಲಿ ಉರುಳಿ ಮೀನಂಗಡಿಯ ಬೇಲಿ ಮುರಿಯಿತು. ತುಂಡು ಕಸಿದವನಿಗೆ ಕುರ್ಚಿ, ಬಸ್ಸು ಓಡಿಸಿದವಳಿಗೆ ಕಾಗದ!

“ನನ್ನ ಜೀಪಿನ ಬ್ರೇಕ್ ಒಂದಿನಾನೂ ಹಿಡ್ಕೊಂಡಿಲ್ವಲ್ಲಮ್ಮ?” ಅಂದ ಅರ್ಕಾದಿ.

“ಹೆಂಗೆ ಹಿಡ್ಕೊಳ್ಳುತ್ತೆ ಸಾಹೇಬ್ರೇ? ಅದು ಹೀಟರ್ ಹಾಕಿದ ಶೆಡ್ಡಲ್ಲಿ ಮಲಗುತ್ತೆ. ಇವತ್ತು ಅಂಗಳದಲ್ಲಿ ನಿಲ್ಸಿ, ಬ್ರೇಕ್ ಎಳೀರಿ. ಬೆಳಿಗ್ಗೆ ಹೊರಟ್ರೆ ನಾನು ಸಹಿ ಹಾಕ್ತೀನಿ.”

ಬಾಗಿಲಲ್ಲಿ ಗುಂಪುಗೂಡಿದ್ದ ನಮ್ಮೊಳಗಿಂದ ಮುದುಕ ಸೆಮ್ಯೋನ್ ಕೇಳಿದ: “ಹೆದರ್ಕೊಂಡ್ರಾ ಸಾಹೇಬ್ರು?”

ಆ ಒಂದು ಮಾತಿಗೆ ಅವನು ಒಪ್ಪಿಬಿಟ್ಟ.

ಬೆಳಿಗ್ಗೆ ಅಂಗಳದಲ್ಲಿ ಹದಿನೆಂಟು ಜನ ಡ್ರೈವರುಗಳೂ ನಿಂತಿದ್ದೆವು. ರಾತ್ರಿಯಿಡೀ ಇಂಜಿನ್ ಓಡುತ್ತಿದ್ದ ಜೀಪಿನ ಬ್ರೇಕ್ ಇಳಿಸಿ ಅರ್ಕಾದಿ ಗೇರು ಹಾಕಿದ. ಮುಂದಿನ ಚಕ್ರಗಳು ಉರುಳಿದವು, ಹಿಂದಿನವು ಸೊಂಟ ಮುರಿದ ನಾಯಿಯಂತೆ ಹಿಮದಲ್ಲಿ ತೆವಳಿದವು. ಹತ್ತು ಮಾರು ಹೋಗುವಷ್ಟರಲ್ಲಿ ಜೀಪು ನಿಂತೇಬಿಟ್ಟಿತು. ಅವನು ಕೆಟಲ್ ತಂದು ಚಕ್ರಕ್ಕೆ ಕುದಿನೀರು ಸುರಿದ. ಹಬೆ ಇಳಿಯುವುದರೊಳಗೆ ಅಲ್ಲೊಂದು ಹೊಸ ಮಂಜುಗಡ್ಡೆ!

“ಸಕ್ಕರೆ ಹಾಕೋದು ಮರೆತ್ರಲ್ಲ!” ಎಂದ ಸೆಮ್ಯೋನ್.

ನಗು ತಣ್ಣಗಾದ ಮೇಲೆ ಅರ್ಕಾದಿ ಮೆಲ್ಲಗೆ ಅಂದ: “ಬಿಡಿಸಿಕೊಡಮ್ಮ.”

“ಕಾಗದ ಕೊಡಿ.”

ಪೆನ್ನಿನ ಶಾಯಿ ಗಟ್ಟಿಯಾಗಿತ್ತು. ಅಕ್ಕ ಪೆನ್ಸಿಲ್ ತೆಗೆದು ಅವನ ಸಾಲಿನ ಮೇಲೆ ಗೀಟೆಳೆದು ಕೆಳಗೆ ಬರೆದಳು: ‘ಮರೆತಿಲ್ಲ. ತಿಳಿದೇ ಎಳೆದಿಲ್ಲ. ತುಂಡುಗಳನ್ನು ಕಸಿದವರನ್ನು ಕೇಳಿ.’ ಸಹಿ ಹಾಕಿ ಪೆನ್ಸಿಲನ್ನು ನನ್ನ ಕೈಗಿತ್ತಳು. ನಾನೂ ಹಾಕಿದೆ. ಅದು ಹದಿನೆಂಟು ಕೈ ದಾಟಿತು.

“ಇದನ್ನ ಫೈಲಲ್ಲಿ ಹಾಕಿ,” ಅಂದಳು ಅಕ್ಕ. “ಎಲ್ಲರ ಕೀಲೀನೂ ಕೇಳೋದಾದ್ರೆ ಈಗ್ಲೇ ಕೇಳಿ.”

ಅರ್ಕಾದಿ ಯಾರ ಕೀಲಿಯನ್ನೂ ಕೇಳಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟುಕೊಂಡ.

ಅಕ್ಕ ಸುತ್ತಿಗೆ ಎತ್ತಿದವಳು ಮತ್ತೆ ಇಳಿಸಿದಳು. “ಇಳಿಜಾರು ಸಾಹೇಬ್ರೇ. ಬ್ರೇಕ್ ಬಿಟ್ಟ ತಕ್ಷಣ ಉರುಳುತ್ತೆ. ಅಡ್ಡ ಕೊಡೋಕೇನಿದೆ?”

ಅವನು ನಮ್ಮ ಮುಖ ನೋಡಿದ. ಯಾರೂ ಅಲುಗಲಿಲ್ಲ. ಕೊನೆಗೆ ತಾನೇ ಬಚ್ಚಲಿಗೆ ನಡೆದು, ಕಂಕುಳಲ್ಲಿ ಎರಡು ತುಂಡು ಹೊತ್ತು ತಂದು, ಹಿಮದಲ್ಲಿ ಮೊಣಕಾಲೂರಿ ಚಕ್ರದಡಿ ತುರುಕಿದ.

ಅಕ್ಕ ಹಿಂದಿನ ಚಕ್ರಗಳ ಬ್ರೇಕ್ ಡ್ರಮ್ಮಿಗೆ ನಾಲ್ಕು ಏಟು ಹಾಕಿದಳು. ಟಣ್ಣೆಂದು ಬಿಟ್ಟುಕೊಂಡಿತು.

“ನಿಮ್ಮ ಜೀಪಿಗೆ ಎರಡಾಯ್ತು,” ಅಂದಳು. “ಬಸ್ಸಿಗೆರಡರಂತೆ ಇನ್ನೂ ಮೂವತ್ತಾರು ತನ್ನಿ.”