ಸದ್ದು ಬಂದ್ ಮಾಡಿ ನೋಡಿದ ಸುದ್ದಿ

ನಮ್ಮ ಓಣಿಯಲ್ಲಿ ಕಾಳವ್ವನ ರೊಟ್ಟಿಗೆ ಹೆಸರಿದೆ, ಅವಳ ನಾಲಿಗೆಗೆ ಹೆದರಿಕೆಯಿದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಹಿಂದಿನ ಓಣಿ ನಮ್ಮದು. ಇಲ್ಲಿ ಟೀವಿ ಇಲ್ಲದ ಮನೆ ಇಲ್ಲ. ಆದರೆ ಕಾಳವ್ವನ ಮನೆಯಲ್ಲಿ ಟೀವಿ ಅಂದರೆ ಮನೆಯ ಹಿರಿಯ. ಅದು ಮಾತಾಡುವಾಗ ಬೇರೆಯವರು ಬಾಯಿ ತೆರೆಯುವಂತಿಲ್ಲ. ಮಗ ಶಂಭುಲಿಂಗ ಊಟಕ್ಕೆ ಕೇಳಿದರೂ "ತಡಿಯಪಾ, ಅವರು ಹೇಳಾಕತ್ತಾರ" ಎನ್ನುತ್ತಿದ್ದಳು. ನಗಬೇಡಿ. ಅಂಥ ಹಿರಿಯ ನಿಮ್ಮ ಮನೆಯಲ್ಲೂ ಇದ್ದಾನೆ. ಕೆಲವರ ಜೇಬಿನಲ್ಲೂ ಇದ್ದಾನೆ.

ಕಾಳವ್ವನ ಸೊಸೆ ಸೌಮ್ಯಾ ಹತ್ತಿರದ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಾಳೆ. ಮೆತ್ತಗಿನ ಹುಡುಗಿ, ನಾಲ್ಕು ಮಾತು ಕೇಳಿದರೆ ಒಂದಕ್ಕೆ ಉತ್ತರ. ಹೋದ ತಿಂಗಳು ಆ ಕಾರ್ಖಾನೆಯ ಹೆಣ್ಣುಮಕ್ಕಳು ಕೆಲಸ ನಿಲ್ಲಿಸಿ ಗೇಟಿನ ಮುಂದೆ ಕೂತರು. ಸೌಮ್ಯಾಳೂ ಕೂತಳು. "ಏನೋ ಸಣ್ಣ ತಕರಾರು, ಲಗೂನ ಮುಗೀತೈತ್ರಿ ಅತ್ತೀ" ಎಂದಷ್ಟೇ ಮನೆಯಲ್ಲಿ ಹೇಳಿದ್ದಳು. ಅತ್ತೆಯೂ ಹೆಚ್ಚು ಕೇಳಲಿಲ್ಲ. ಹುಡುಗಿ ಹಸಿದು ಕೂಡಬಾರದೆಂದು ದಿನಾ ಬುಟ್ಟಿ ತುಂಬ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ ಇಟ್ಟು, ಮೇಲೆ ತನ್ನ ಹಳೆಯ ಹಸಿರು ಸೀರೆಯ ತುಂಡು ಮುಚ್ಚಿ ಮಗನ ಆಟೋದಲ್ಲಿ ಕಳಿಸುತ್ತಿದ್ದಳು. "ನೀ ಒಬ್ಬಾಕಿನ ತಿನಬ್ಯಾಡ, ಬಾಜೂ ಕುಂತಾಕೀಗೂ ಕೊಡು" ಎಂದು ಹೇಳಿ ಕಳಿಸುವುದು ಬೇರೆ.

ಮೂರನೆಯ ದಿನ ಸಂಜೆ ಟೀವಿಯಲ್ಲಿ ಆ ಗೇಟು ಕಾಣಿಸಿತು.

"ವೀಕ್ಷಕರೇ, ಗಮನಿಸಿ! ಕೆಲಸ ಬಿಟ್ಟು ಕೂತಿರೋರಿಗೆ ಬುಟ್ಟಿ ಬುಟ್ಟಿ ಊಟ ಬರ್ತಾ ಇದೆ. ಎಲ್ಲಿಂದ ಬರ್ತಾ ಇದೆ? ಕಳಿಸ್ತಾ ಇರೋರು ಯಾರು? ಹುಬ್ಬಳ್ಳಿಯಿಂದ ಕಂಪನಿಯನ್ನೇ ಓಡಿಸೋ ಸಂಚಿನ ಹಿಂದೆ ಯಾರಿದ್ದಾರೆ?"

ಪರದೆಯ ಮೇಲೆ ಕೆಂಪು ಸುತ್ತು, ಕೆಂಪು ಬಾಣ, ಜೊತೆಗೆ ಎದೆ ನಡುಗಿಸುವ ಸಂಗೀತ. ಕಾಳವ್ವನಿಗೆ ಸಿಟ್ಟು ನೆತ್ತಿಗೇರಿತು.

"ಯಾವ ಖೋಡಿ ಕಳಸಾಕತ್ತಾನ ಇವರಿಗೆ ಊಟ? ಊರ ಮಂದಿ ಅನ್ನಕ್ಕ ಮಣ್ಣ ಹಾಕಾಕ ಹೊಂಟಾನಲ್ಲ!"

ಅದೇ ಹೊತ್ತಿಗೆ ಸೌಮ್ಯಾ ಮನೆಗೆ ಬಂದಳು. ಕೈಯಲ್ಲಿ ಒಂದು ಕಾಗದವಿತ್ತು. "ಬೇರೆಯವರ ಮಾತು ಕೇಳಿ ಕೂತೆ, ತಪ್ಪಾಯಿತು" ಎಂದು ಅದರಲ್ಲಿ ಅಚ್ಚಾಗಿತ್ತು. ನಾಳೆ ಹತ್ತು ಗಂಟೆಯೊಳಗೆ ಸಹಿ ಮಾಡಿದವರಿಗೆ ಕೆಲಸ, ಮಾಡದವರಿಗೆ ಇಲ್ಲ ಎಂದು ಕಂಪನಿಯವರು ಹೇಳಿದ್ದರು.

"ನಾ ಸಹಿ ಮಾಡಂಗಿಲ್ರಿ ಅತ್ತೀ."

"ಮಾಡಬೇಕು! ನೀ ಸಾದಾ ಹುಡುಗಿ. ನಿನ್ನ ಮುಂದ ಮಾಡಿ ಯಾರೋ ಆಟ ಆಡಾಕತ್ತಾರ. ಸಹಿ ಮಾಡು, ಇಲ್ಲಾಂದ್ರ ಈ ಮನಿ ರೊಟ್ಟಿ ನಿನಗಿಲ್ಲ."

ಆ ಮನೆಯಲ್ಲಿ ಅಂಥ ಮಾತು ಹಿಂದೆಂದೂ ಬಂದಿರಲಿಲ್ಲ. ಸೌಮ್ಯಾಳ ಕಣ್ಣು ತುಂಬಿತು. ಕಣ್ಣು ಒರೆಸಿಕೊಳ್ಳುತ್ತ ಹಿತ್ತಲಿಗೆ ಹೋದಳು.

ಸ್ವಲ್ಪ ಹೊತ್ತಿಗೆ ಮಯೂರಿ ರೊಟ್ಟಿ ಒಯ್ಯಲು ಬಂದಳು. ಓಣಿಯ ತುದಿಯಲ್ಲಿ ಅವಳ ಝೆರಾಕ್ಸ್ ಅಂಗಡಿ ಇದೆ. ಅದಕ್ಕೂ ಮೊದಲು ಒಂಬತ್ತು ವರ್ಷ ದೇಶಪಾಂಡೆ ನಗರದ ಒಂದು ಪತ್ರಿಕಾ ಕಚೇರಿಯಲ್ಲಿ ಪುಟ ಜೋಡಿಸುತ್ತಿದ್ದಳು. ಕಾಳವ್ವ ಅವಳ ಮುಂದೆ ಎಲ್ಲವನ್ನೂ ಹೇಳಿಕೊಂಡಳು.

"ಅಷ್ಟು ದೊಡ್ಡ ಟೀವಿಯವರು ಸುಳ್ಳ ಹೇಳತಾರೇನ ತಂಗಿ? ಕಣ್ಣಾರೆ ತೋರಿಸ್ಯಾರ."

"ಹಂಗಾರ ಕಣ್ಣಿಲೆ ನೋಡೂಣ್ರಿ ಕಾಕೂ. ಕಿವಿಗೆ ಸ್ವಲ್ಪ ಸೂಟಿ ಕೊಡೂಣು." ಮಯೂರಿ ತನ್ನ ಮೊಬೈಲಿನಲ್ಲಿ ಅದೇ ಸುದ್ದಿ ಹುಡುಕಿ, ಸದ್ದು ಪೂರ್ತಿ ಬಂದ್ ಮಾಡಿ ಕೈಗೆ ಕೊಟ್ಟಳು.

ಸದ್ದಿಲ್ಲದ ಸುದ್ದಿಯಲ್ಲಿ ಸಂಚು ಕಾಣಲಿಲ್ಲ. ಮರದ ಕೆಳಗೆ ಕೂತ ಹೆಂಗಸರು ಕಂಡರು. ಒಬ್ಬಳು ಇನ್ನೊಬ್ಬಳ ಬೆನ್ನು ತಿಕ್ಕುತ್ತಿದ್ದಳು. ಮತ್ತೊಬ್ಬಳು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಆಮೇಲೆ ಆ ಕೆಂಪು ಸುತ್ತು ಬಂತು. ಸುತ್ತಿನ ನಡುವೆ ಒಂದು ಬುಟ್ಟಿ, ಬುಟ್ಟಿಯ ಮೇಲೆ ಹಸಿರು ಬಟ್ಟೆ.

"ತಡಿ ತಡಿ ತಡಿ. ಇದು ನನ್ನ ಸೀರಿ! ಇದು ನನ್ನ ಬುಟ್ಟಿ!" ಕಾಳವ್ವ ಮೊಬೈಲನ್ನು ಮೂಗಿಗೇ ಹಚ್ಚಿಕೊಂಡಳು. "ಅಯ್ಯ ಶಿವನ, ಅವರು ಹುಡಕಾಕತ್ತಿದ್ದ ಖೋಡಿ ನಾನ ಏನವಾ!"

ಇಬ್ಬರಿಗೂ ನಗು ಬಂತು. ಕಾಳವ್ವನ ನಗು ಬೇಗ ನಿಂತಿತು. "ಮುಂಜಾನಿ ನಾನ ಕಟ್ಟಿದ ಬುಟ್ಟಿ, ನನಗ ಗುರುತು ಸಿಗಲಿಲ್ಲಲ್ಲ ಮಯೂರಿ?"

"ಸಿಗಂಗಿಲ್ರಿ. ಬುಟ್ಟಿ ಖರೇ, ರೊಟ್ಟಿ ಖರೇ. ಅದರ ಮ್ಯಾಲಿನ ಮಾತು ಬ್ಯಾರೆ. ಮಾತು ಜೋರಾದ್ರ ಕಣ್ಣೂ ಅದರ ಹಿಂದ ಹೋಗತೈತಿ. ಹಿರ್ಯಾರು ಸುಮ್ಮನ ಅಂದಿಲ್ಲ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ. ಇನ್ನೊಂದು ಹೇಳ್ರಿ. ಅರ್ಧ ತಾಸು ನೋಡಿದ್ರಿ. ಇವರು ಯಾಕ ಕುಂತಾರ ಅಂತ ಹೇಳಿದ್ರೇನ್ರಿ?"

ಕಾಳವ್ವ ನೆನಪು ಮಾಡಿಕೊಂಡಳು. ಕಂಪನಿಯ ಸಾಹೇಬರು ಮಾತಾಡಿದ್ದರು. ಟೈ ಕಟ್ಟಿದ ಇಬ್ಬರು ಜಾಣರು ಮಾತಾಡಿದ್ದರು. ಗೇಟಿನ ಮುಂದೆ ಕೂತವರ ಒಂದು ಮಾತೂ ಬಂದಿರಲಿಲ್ಲ.

"ಇಲ್ಲವಾ. ಹೇಳಲಿಲ್ಲ."

"ನಾ ಪತ್ರಿಕಾದಾಗ ಇದ್ದಾಗ ಪುಟದ ಮ್ಯಾಲೆ ಮೊದಲ ಜಾಹೀರಾತು ಇಡತಿದ್ವಿ. ಉಳದ ಜಾಗಾದಾಗ ಸುದ್ದಿ ಕುಂಡ್ರಸೂದು. ಒಮ್ಮೆ ಒಂದು ದೊಡ್ಡ ಅಂಗಡಿಯವರ ಮೋಸದ ಮ್ಯಾಲೆ ಸುದ್ದಿ ಬಂತು. ಅದ ಪುಟದಾಗ ಅವರ ಜಾಹೀರಾತೂ ಇತ್ತು. ಯಾರೂ ಫೋನ್ ಮಾಡಿ ತಗೀರಿ ಅನ್ನಲಿಲ್ರಿ. ನಮ್ಮ ಮ್ಯಾಲಿನವರು ತಾವ ಆ ಸುದ್ದಿ ತಗದ್ರು. ನಾನೂ ಸುಮ್ಮನಿದ್ದೆ." ಮಯೂರಿ ತಲೆ ತಗ್ಗಿಸಿದಳು. "ಪಗಾರ ಎಲ್ಲಿಂದ ಬರತೈತಿ ಅನ್ನೂದು ಎಲ್ಲಾರಿಗೂ ಗೊತ್ತಿರತೈತಿ. ಈ ಟೀವಿಯವರು, ಆ ಕಂಪನಿಯವರು ಬೀಗರಿದ್ದಂಗ. ಸುದ್ದಿ ನಡುವ ಬರೂ ಅಂಗಿ ಜಾಹೀರಾತು ಯಾರದು ನೋಡ್ರಿ."

"ಅದು ನಮ್ಮ ಸೌಮ್ಯಾ ಹೊಲಿಯೂ ಅಂಗಿ!"

"ಮತ್ತ? ರೊಕ್ಕಸ್ಥರು ಬಡಿಗಿ ಹಿಡದು ಎಷ್ಟು ಮಂದಿನ್ನ ಆಳ್ಯಾರು? ನಾವ 'ಅವರು ಹೇಳೂದ ಖರೇ' ಅಂದ್ರ ಬಡಿಗಿ ಬೇಕಾಗಂಗಿಲ್ಲ. ಸಿಟ್ಟಾಗಬ್ಯಾಡ್ರಿ ಕಾಕೂ. ನಿಮ್ಮ ಸೊಸಿನ್ನ ಹೆದರಸಾಕ ಇವತ್ತು ಕಂಪನಿಯವರು ಮನಿಗೆ ಬರಲಿಲ್ಲ. ನೀವ ಹೆದರಿಸಿದ್ರಿ."

ಕಾಳವ್ವ ಎದ್ದು ಹಿತ್ತಲಿಗೆ ಹೋಗಿ ಸೊಸೆಯನ್ನು ಕೈ ಹಿಡಿದು ಕರೆತಂದಳು.

"ಯವ್ವಾ, ಯಾಕ ಕುಂತೀರಿ ನೀವು? ನೀ ಹೇಳು. ನಿನ್ನ ಬಾಯಿಲೆ ಕೇಳತೇನಿ."

ಸೌಮ್ಯಾ ನಾಚುತ್ತಲೇ ಹೇಳಿದಳು. ಕಾರ್ಖಾನೆಯ ಪಾಯಖಾನೆಗೆ ಬೀಗ ಹಾಕುತ್ತಾರೆ. ಕೀಲಿ ಸೂಪರ್‌ವೈಸರ್ ಹತ್ತಿರ. ಪಾಳಿಯಲ್ಲಿ ಒಂದು ಸಲಕ್ಕಿಂತ ಹೆಚ್ಚು ಕೇಳಿದರೆ ಎಲ್ಲರೆದುರು ಬೈಗುಳ. ಅದಕ್ಕೆ ಹೆಣ್ಣುಮಕ್ಕಳು ಮುಂಜಾನೆಯಿಂದ ನೀರೇ ಕುಡಿಯುವುದಿಲ್ಲ.

"ನನಗ ಎರಡು ಸಲ ಚಳಿಜ್ವರ ಬಂತಲ್ರಿ, ಅದಕ್ಕನ. ಮೂತ್ರದ ಸೋಂಕು ಅಂದ್ರು ಡಾಕ್ಟರು."

ಆ ಜ್ವರದಲ್ಲಿ ಹಣೆಗೆ ತಣ್ಣೀರ ಪಟ್ಟಿ ಹಾಕಿ ಕೂತವಳು ಇದೇ ಕಾಳವ್ವ. "ನನಗ ಯಾಕ ಹೇಳಲಿಲ್ಲ ನನ್ನ ಮಗಳ?"

"ಹೇಳಾಕ ಬಂದಿದ್ದೆ ಅತ್ತೀ. ನೀವು 'ತಡಿ, ಅವರು ಹೇಳಾಕತ್ತಾರ' ಅಂದ್ರಿ."

ಕಾಳವ್ವ ಸೊಸೆಯನ್ನು ಎದೆಗೆ ಅವಚಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಆ ಕಾಗದವನ್ನು ಇನ್ನೊಮ್ಮೆ ಓದಿಸಿ ಕೇಳಿದಳು.

"ಬ್ಯಾರೇದವರ ಮಾತು ಕೇಳಿ ಕುಂತಾಕಿ ನಾನು. ನೀ ಅಲ್ಲ. ನೀ ಯಾಕ ಸಹಿ ಮಾಡತೀ?"

ಮರುದಿನ ಅತ್ತೆ, ಸೊಸೆ ಇಬ್ಬರೂ ಗೇಟಿಗೆ ಹೋದರು. ಮಗ ಆಟೋ ನಿಲ್ಲಿಸಿ ಅವರ ಪಕ್ಕದಲ್ಲೇ ಕೂತ. ಅಲ್ಲಿ ಅದೇ ಚಾನೆಲ್ಲಿನ ಹುಡುಗಿ ಸುಕನ್ಯಾ ಮೈಕ್ ಹಿಡಿದು ನಿಂತಿದ್ದಳು. ಕಾಳವ್ವ ಬೀಗದ ವಿಷಯ, ಜ್ವರದ ವಿಷಯ, ರೊಟ್ಟಿಯ ವಿಷಯ ಎಲ್ಲ ಹೇಳಿದಳು. ಹುಡುಗಿ ಪೂರ್ತಿ ಕೇಳಿ, ದನಿ ತಗ್ಗಿಸಿ ಅಂದಳು: "ಅಜ್ಜೀ, ನಾ ಕಳಸತೇನ್ರಿ. ಹಾಕೂದು ಬಿಡೂದು ನನ್ನ ಕೈಯಾಗಿಲ್ಲ."

ಅದು ಟೀವಿಯಲ್ಲಿ ಬರಲಿಲ್ಲ. ಆ ಸಂಜೆ ಯಾವುದೋ ಸಾಹುಕಾರರ ಮನೆಯ ಮದುವೆ ತೋರಿಸಿದರು. ಕಾಳವ್ವ ಟೀವಿ ಆರಿಸಿ ಮನೆ ಮನೆಗೆ ನಡೆದಳು. ಆ ನಾಲಿಗೆ ಎಲ್ಲರ ಬಾಗಿಲಲ್ಲೂ ಕೆಲಸ ಮಾಡಿತು. ಎರಡು ದಿನದಲ್ಲಿ ಮೂರು ಓಣಿಯ ಹೆಂಗಸರು ಗೇಟಿನ ಮುಂದೆ ಬಂದು ಕೂತರು. ಎಂಟನೆಯ ದಿನ ಮಾತುಕತೆಯಾಗಿ ಬೀಗ ತೆಗೆದರು. ಸಹಿ ಮಾಡದವರೆಲ್ಲ ಕೆಲಸಕ್ಕೆ ಮರಳಿದರು. ಸೌಮ್ಯಾ ಈಗ ಹೊತ್ತು ಹೊತ್ತಿಗೆ ನೀರು ಕುಡಿಯುತ್ತಾಳೆ. ಇದು ಯಾವ ಚಾನೆಲ್ಲಿಗೂ ಸುದ್ದಿ ಅನ್ನಿಸಲಿಲ್ಲ. ಅದಕ್ಕೇ ಓಣಿಯ ಮಹಿಳಾ ಸಂಘದ ನಾವು ಈ ಕರಪತ್ರ ಅಚ್ಚು ಹಾಕಿಸಿದೆವು.

ಅಕ್ಕಂದಿರೇ, ಅಣ್ಣಂದಿರೇ, ಟೀವಿ ಒಡೆಯಿರಿ, ಪತ್ರಿಕೆ ಬಿಡಿರಿ ಎಂದು ನಾವು ಹೇಳುವುದಿಲ್ಲ. ನೋಡಿ, ಓದಿ. ಆದರೆ ನೋಡುವಾಗ ಕೇಳಿಕೊಳ್ಳಿ: ಇದರಲ್ಲಿ ಯಾರ ಮಾತಿದೆ, ಯಾರ ಮಾತು ಇಲ್ಲ? ಇದನ್ನು ನಡೆಸಲು ರೊಕ್ಕ ಕೊಡುವವರು ಯಾರು? ನಾನು ಇದನ್ನು ನಂಬಿದರೆ ಲಾಭ ಯಾರಿಗೆ? ಈ ಕರಪತ್ರಕ್ಕೂ ಅದೇ ಪ್ರಶ್ನೆ ಹಾಕಿ. ನಮ್ಮ ಓಣಿಗೆ ಬನ್ನಿ, ಉತ್ತರ ಕೊಡುತ್ತೇವೆ. ಸುದ್ದಿ ನಿಮ್ಮ ಮನೆಯವರ ಬಗ್ಗೆಯೇ ಇದ್ದರೆ ದೂರ ಹೋಗಬೇಡಿ. ಅವರು ಪಕ್ಕದ ಕೋಣೆಯಲ್ಲೇ ಇರುತ್ತಾರೆ. ಮೊದಲು ಅವರನ್ನು ಕೇಳಿ.