ಬಾವಿಗೆ ಕಾವಲು

"ಲೇ ಪಾಲ, ಕಿವಿ ಬುಟ್ಕೊಂಡು ಕೇಳು ಬೋಳಿಮಗನೆ. ನಾಳೆಯಿಂದ ನೀನು ಕಾಗ್ದ ಹೊರೋದು ಬ್ಯಾಡ, ತಮಟೆ ಬಡಿಯೋದು ಬ್ಯಾಡ. ಊರ ಬಾವಿ ಕಾಯಿ."

ಪಟೇಲ ಶಂಕರಲಿಂಗಪ್ಪ ಜಗಲಿಯ ಮೇಲಿಂದ ಎಲೆಅಡಿಕೆ ಉಗಿದ. ಅದು ನನ್ನ ಕಾಲಿನ ಹತ್ತಿರ ಬಿತ್ತು. ನಾನು ಕಾಲು ಸರಿಸಲಿಲ್ಲ, ಸರಿಸಿದರೆ ಕೊಬ್ಬು ಅನ್ನುತ್ತಿದ್ದ.

"ಬಾವಿನ ಯಾರ್ ಕದ್ದಾರು ಬುದ್ಧಿ?" ಎಂದೆ.

"ಬಾವಿ ಯಾವನೂ ಕದಿಯಲ್ಲ ಕಣ್ಲಾ ಮುಠ್ಠಾಳ. ನನ್ ಸೊಸೆ ಬೀಳ್ತಾಳೆ."

ಅವನು ಬಿಡಿಸಿ ಹೇಳಿದ. ಬಾವಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ಹೊಂಗೆ ಮರವಿದೆ. ನಮ್ಮ ಜನ ಅಲ್ಲಿಂದ ಮುಂದೆ ಹೋಗುವಂತಿಲ್ಲ. ನಾನು ಆ ಮರದ ಕೆಳಗೆ ಕೂರಬೇಕು. ಸೊಸೆ ಬಾವಿಕಟ್ಟೆ ಹತ್ತಿದರೆ ಕೂಗಬೇಕು.

"ಕೂಗಿದ್ ಮ್ಯಾಲೆ, ಬುದ್ಧಿ?"

"ಬಾಯ್ ಮುಚ್ಕೊಂಡು ನಿಂತ್ಕೋ. ನಾವ್ ಬತ್ತೀವಿ."

"ನೀವ್ ಬರೋಗಂಟ ಅವ್ವಾರು..."

"ಸತ್ರೆ ಸಾಯ್ತಾಳೆ. ಅವ್ಳ ಹೆಣ ಬಿದ್ರೆ ಒಂದ್ ದಿನ ನೀರು ತೋಡ್ಸಿದ್ರೆ ಆಯ್ತು. ಈ ನನ್ಮಗ ಇಳುದ್ರೆ ಎಷ್ಟ್ ದಿನ ಮಹಾಲಿಂಗಯ್ಯಾರೆ?"

ಪಕ್ಕದಲ್ಲಿ ಕೂತಿದ್ದ ಪೂಜಾರಿ ಮಹಾಲಿಂಗಯ್ಯ ಕಣ್ಣು ಮುಚ್ಚಿ ಲೆಕ್ಕ ಹಾಕಿ ಹೇಳಿದ. "ಒಂಬತ್ ದಿನ. ಮ್ಯಾಲೊಂದು ಶಾಂತಿ ಆಗ್ಬೇಕು."

"ಕೇಳಿಸ್ತೇನ್ಲಾ? ಅವ್ಳು ಕೆರೆ ಕಡೀಕೆ ಹೋದ್ರೆ ಅದು ನಿನ್ ಕಾವಲಲ್ಲ. ನೋಡ್ಕೊಂಡು ಸುಮ್ಕಿರು."

ಇದು ಮಹಾರಾಜರ ಬೆಳ್ಳಿಹಬ್ಬ ಕಳೆದ ಮಾರನೇ ವರ್ಷದ ಮಾತು. ನಾನು ಊರಿನ ತೋಟಿ. ಪಟೇಲನ ಕಾಗದ ಪತ್ರ ಮಧುಗಿರಿಗೆ ಹೊರುವುದು, ತಮಟೆ ಬಡಿದು ಸಾರುವುದು, ಸತ್ತ ದನ ಎಳೆಯುವುದು, ಪಂಚನಾಮೆಗೆ ಜನ ಬರುವತನಕ ಹೆಣ ಕಾಯುವುದು ನನ್ನ ಕೆಲಸ. ಉಸಿರಾಡುವವರನ್ನು ಕಾಯುವ ಕೆಲಸ ಅದೇ ಮೊದಲು.

ಜಗದಾಂಬ ಪಟೇಲನ ಮಗ ಗಂಗಾಧರಯ್ಯನ ಹೆಂಡತಿ. ವಯಸ್ಸು ಇಪ್ಪತ್ತೆರಡಿರಬಹುದು. ದಿನಾ ಬೆಳಿಗ್ಗೆ ಬಿಂದಿಗೆ ಇಲ್ಲದೆ ಬಂದು ಬಾವಿ ಪಕ್ಕದ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದಳು. ತಲೆ ಬಾಚಿ ಎಷ್ಟೋ ದಿನವಾಗಿತ್ತು. ತುಟಿಯ ಮೇಲೆ ನೊಣ ಕೂತರೂ ಓಡಿಸುತ್ತಿರಲಿಲ್ಲ. ಏಕೆ ಹೀಗಾದಳೆಂದು ಯಾರಿಗೂ ಗೊತ್ತಿರಲಿಲ್ಲ. ಮಗು ಸತ್ತಿರಲಿಲ್ಲ. ಗಂಡ ಹೊಡೆಯುತ್ತಿದ್ದನಾದರೂ ಎಲ್ಲ ಗಂಡಂದಿರಷ್ಟೇ. ಏನಾದರೂ ಕಾರಣವಿದ್ದಿದ್ದರೆ ಊರು ಅವಳನ್ನು ಕ್ಷಮಿಸುತ್ತಿತ್ತೋ ಏನೋ.

ಮದ್ದು ಮಾಡದೆ ಬಿಟ್ಟಿರಲಿಲ್ಲ. ಸಿದ್ದರಬೆಟ್ಟಕ್ಕೆ ಕರೆದೊಯ್ದು ಗವಿಯ ತಣ್ಣೀರನ್ನು ನೂರೊಂದು ಚೊಂಬು ಸುರಿದರು. ಮೆಣಸಿನಕಾಯಿ ಹೊಗೆ ಹಾಕಿದರು. ಬಳೆಯ ಚೂರು ಕಾಯಿಸಿ ಕತ್ತಿನ ಹಿಂದೆ ಬರೆ ಎಳೆದರು. ಸಿರಾ ಕಡೆಯಿಂದ ಬಂದಿದ್ದ ಹಕೀಮರೊಬ್ಬರು ಗುಲ್ಕಂದ ಕೊಟ್ಟು ಹೋದರು. ಅದನ್ನು ಅತ್ತೆ ತಿಂದಳು. ಅತ್ತೆಗೆ ಗುಣವಾಯಿತು.

ನನ್ನ ಹೆಂಡತಿ ಕದರಮ್ಮ ಕೇರಿಯ ಸೂಲಗಿತ್ತಿ. ನಾನು ಕಂಡದ್ದನ್ನು ಹೇಳಿದಾಗ ರಾಗಿ ಬೀಸುತ್ತಿದ್ದವಳು ಕೈ ನಿಲ್ಲಿಸಿದಳು.

"ಮಂಕು ಕವ್ದೈತೆ ಕಣಯ್ಯೋ. ನಮ್ಮವ್ವಂಗೂ ಇಂಗೇ ಆಗಿತ್ತು. ಯಾಕೆ ಅಂತ ಕೇಳ್ಬ್ಯಾಡ. ಅವ್ಳಿಗೇ ಗೊತ್ತಿರಕಿಲ್ಲ, ಗೊತ್ತಿಲ್ವಲ್ಲ ಅಂತ ಇನ್ನೂ ಕುಗ್ತಾಳೆ. ಧೈರ್ಯ ತಕ್ಕಳಿ ಅಂತ್ಲೂ ಅನ್ಬ್ಯಾಡ. ಒಬ್ಬ ಇಲ್ಲಿ ಅವ್ನೆ ಅಂತ ಗೊತ್ತಾಗಂಗೆ ಏನಾರ ಮಾತಾಡ್ತಿರು."

"ಪಟೇಲನ ಸೊಸೆ ಕುಟೆ ತೋಟಿ ಏನ್ ಮಾತಾಡ್ತಾನೆ?"

"ಎಮ್ಮೆ ಇಚಾರ ಮಾತಾಡು. ಎಮ್ಮೆಗೆ ಜಾತಿ ಇಲ್ಲ."

ನಮ್ಮಲ್ಲಿ ಎಮ್ಮೆ ಇರಲಿಲ್ಲ. ಕೇರಿಯ ಬೋರಪ್ಪನ ಎಮ್ಮೆ ಗಬ್ಬವಾಗಿತ್ತು. ನಾನು ಅದರ ಸುದ್ದಿ ಹೇಳತೊಡಗಿದೆ. ಇವತ್ತು ಹುಲ್ಲು ತಿಂತು, ಇವತ್ತು ತಿನ್ನಲಿಲ್ಲ, ಕೆಚ್ಚಲು ಇಳಿದಿದೆ. ಇಪ್ಪತ್ತು ಹೆಜ್ಜೆ ದೂರದಿಂದ ಹೇಳಬೇಕಾದ್ದರಿಂದ ಕೂಗಿಯೇ ಹೇಳಬೇಕಿತ್ತು. ನೀರಿಗೆ ಬಂದವರು ನನಗೂ ಹುಚ್ಚು ಹಿಡಿಯಿತೆಂದು ನಕ್ಕರು. ಹದಿನೇಳು ದಿನ ಅವಳು ತಿರುಗಿಯೂ ನೋಡಲಿಲ್ಲ. ಹದಿನೆಂಟನೇ ದಿನ ಬಾವಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ಕರ ಹಾಕ್ತಾ ಅದು?"

"ಇನ್ನೂ ಇಲ್ಲ ಕಣವ್ವ. ಈ ವಾರದಾಗೆ ಹಾಕ್ಬೈದು."

ನನಗೆ ಎಷ್ಟು ಸಂತೋಷವಾಯಿತೆಂದರೆ, ಹಾಗೆ ಸಂತೋಷಪಟ್ಟದ್ದಕ್ಕೆ ನಾಚಿಕೆಯೂ ಆಯಿತು.

ಆದರೆ ಅಷ್ಟು ಮಾತು ಸಾಕಾಯಿತು. ಪಟೇಲನ ಸೊಸೆ ತೋಟಿಯ ಜೊತೆ ಮಾತಾಡಿದಳೆಂದು ನೀರು ಸೇದುವವರು ಮನೆ ಮುಟ್ಟಿಸಿದರು. ಆ ಸಂಜೆ ಮಹಾಲಿಂಗಯ್ಯ ಅವಳನ್ನು ಅಂಗಳದಲ್ಲಿ ಕೂರಿಸಿ ಬೇವಿನ ಬರಲಿನಿಂದ ಹೊಡೆದು, ಯಾವ ಊರಿನ ದೆವ್ವವೆಂದು ಕೇಳಿದನಂತೆ. ಅವಳು ಬಾಯಿ ಬಿಡಲಿಲ್ಲ. ಕೊನೆಗೆ ದೆವ್ವದ ಪರವಾಗಿ ಅವನೇ ಉತ್ತರ ಕೊಟ್ಟ. ದೆವ್ವ ನಮ್ಮ ಕೇರಿಯದಂತೆ.

ಮಾರನೇ ಬೆಳಿಗ್ಗೆ ಅವಳು ಬಂದಾಗ ತಲೆಯಲ್ಲಿ ಬೇವಿನ ಎಲೆಗಳು ಹಾಗೇ ಇದ್ದವು. ಕಲ್ಲಿನ ಮೇಲೆ ಕೂರಲಿಲ್ಲ. ನೆಟ್ಟಗೆ ಕಟ್ಟೆ ಹತ್ತಿ ಹಾರಿದಳು.

ಅಪ್ಪಣೆಯಾದಂತೆ ನಾನು ಕೂಗಿದೆ. ಮೂರು ಸಲ ಕೂಗಿದೆ. ಪಟೇಲ ಬಂದ, ಅವನ ಮಗ ಬಂದ, ಮಹಾಲಿಂಗಯ್ಯ ಬಂದ, ಇನ್ನೂ ಏಳೆಂಟು ಗಂಡಸರು ಬಂದರು. ಎಲ್ಲರೂ ಕಟ್ಟೆಯ ಸುತ್ತ ನಿಂತು ಬಗ್ಗಿ ನೋಡಿದರು. ಅವಳು ಒಂದು ಸಲ ಮೇಲೆ ಬಂದು ಮುಳುಗಿದಳು. ಗಂಗಾಧರಯ್ಯನಿಗೆ ಈಜು ಬರುತ್ತಿತ್ತು. ಆದರೆ ಪೂಜೆಗೆ ಕೂತವನು ಎದ್ದು ಬಂದಿದ್ದ, ಮಡಿಯಲ್ಲಿದ್ದ. ಎರಡನೇ ಸಲ ಅವಳು ಮುಳುಗಿದಾಗ ನಾನು ಓಡಿದೆ. ಇಪ್ಪತ್ತು ಹೆಜ್ಜೆಗಳಲ್ಲಿ ಒಂದೂ ನನಗೆ ನೆನಪಿಲ್ಲ. ತಣ್ಣನೆ ನೀರು ಮುಖಕ್ಕೆ ಹೊಡೆದದ್ದು ನೆನಪಿದೆ.

ಅವಳ ತಲೆಕೂದಲು ಕೈಗೆ ಸಿಕ್ಕಿತು. ಗೋಡೆಯ ಕಲ್ಲಿನ ಸಂದಿಗೆ ಕಾಲು ಕೊಟ್ಟು, ಅವಳ ಮುಖ ಎತ್ತಿ ಹಿಡಿದು, ರಾಟೆಯ ಹಗ್ಗವನ್ನು ಕಂಕುಳಿಗೆ ಬಿಗಿದು ಎಳೆಯಿರೆಂದು ಕೂಗಿದೆ. ಮೇಲೆ ಚರ್ಚೆ ನಡೆಯುತ್ತಿತ್ತು. ಹಗ್ಗದ ಒಂದು ತುದಿಯನ್ನು ನಾನು ಮುಟ್ಟಿದ್ದೆ, ಇನ್ನೊಂದನ್ನು ಅವರು ಮುಟ್ಟಬಹುದೇ ಎಂಬುದು ವಿಷಯ. ನಾರಿನ ಹಗ್ಗದಲ್ಲಿ ಮೈಲಿಗೆ ಮೇಲಕ್ಕೆ ಹರಿಯುತ್ತದೆಂದು ಮಹಾಲಿಂಗಯ್ಯ ಹೇಳುವುದು ಬಾವಿಯೊಳಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನನ್ನ ಕೈಯಲ್ಲಿ ಅವಳು ಕೆಮ್ಮುತ್ತಿದ್ದಳು. ಹುಟ್ಟಿದಾಗಿನಿಂದ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ.

"ಎಳೀರೋ ಸೂಳೆಮಕ್ಳಾ!" ಎಂದೆ. ಬಾವಿ ಅದನ್ನು ಇನ್ನೊಂದು ಸಲ ಹೇಳಿತು.

ಆಗ ಕದರಮ್ಮನ ದನಿ ಕೇಳಿಸಿತು. ಅವಳೂ ಲಕ್ಷ್ಮಕ್ಕನೂ ರಂಗಕ್ಕನೂ ನನ್ನ ಕೂಗು ಕೇಳಿ ಕೇರಿಯಿಂದ ಓಡಿಬಂದಿದ್ದರು. ಎಳೆದವರು ಅವರೇ.

ತೀರ್ಮಾನ ಅಲ್ಲೇ ಆಯಿತು. ನನ್ನನ್ನು ಹೊಂಗೆ ಮರಕ್ಕೆ ಕಟ್ಟಿ ಹುಣಸೆ ಬರಲಿನಿಂದ ಬಾರಿಸಿದರು, ಅದು ನನಗೆ ಹೊಸದಲ್ಲ. ಜಗದಾಂಬನ ವಿಷಯದಲ್ಲಿ ಪಟೇಲ ಒಂದೇ ಮಾತು ಹೇಳಿದ.

"ನನ್ ಸೊಸೆ ಬಿದ್ಲು, ಸತ್ಲು. ಮ್ಯಾಲೆ ಬಂದಿರೋದು ಅವ್ಳಲ್ಲ."

ಅವಳು ಎರಡು ಮಾರು ದೂರದಲ್ಲಿ ಒದ್ದೆಯಾಗಿ ನಡುಗುತ್ತಾ ಕೂತು ಅದನ್ನು ಕೇಳಿಸಿಕೊಂಡಳು. ಗಂಗಾಧರಯ್ಯ ತನ್ನ ಕಾಲಬೆರಳು ನೋಡಿಕೊಂಡ. ಅವನಿಗೆ ತೋವಿನಕೆರೆಯಲ್ಲಿ ಇನ್ನೊಂದು ಹೆಣ್ಣು ನೋಡಿ ಎರಡು ತಿಂಗಳಾಗಿತ್ತೆಂದು ಆಮೇಲೆ ತಿಳಿಯಿತು. ಕದರಮ್ಮ ತನ್ನ ಕಂಬಳಿ ಹೊದಿಸಿ, "ಏಳವ್ವ, ಮನೀಗೆ ಹೋಗಾನ" ಎಂದಳು.

ಹನ್ನೊಂದನೇ ದಿನ ಪಟೇಲನ ಮನೆಯಲ್ಲಿ ತಿಥಿಯಾಯಿತು. ಜನನ ಮರಣದ ಬುಕ್ಕಿನಲ್ಲಿ ಮಾತ್ರ ಬರೆಯಲಿಲ್ಲ, ಬರೆದರೆ ಮಧುಗಿರಿಯಿಂದ ಹೆಣ ಕೇಳುತ್ತಿದ್ದರು. ಎಂಜಲೆಲೆ ಎತ್ತುವುದು ನನ್ನ ಕೆಲಸ, ಮಿಕ್ಕಿದ ಅಡುಗೆ ಕೇರಿಗೆ. ಜಗದಾಂಬನ ತಿಥಿಯ ಪಾಯಸವನ್ನು ಕದರಮ್ಮ ಜಗದಾಂಬನಿಗೇ ತಿನ್ನಿಸಿದಳು. ಮೂರು ತುತ್ತು ತಿಂದಳು. ನಮ್ಮ ಮನೆಗೆ ಬಂದಮೇಲೆ ಅಷ್ಟು ತಿಂದದ್ದು ಅದೇ ಮೊದಲು.

ಬಾವಿಯ ನೀರನ್ನು ಒಂಬತ್ತು ದಿನ ತೋಡಿಸಿದರು. ತೋಡಿದ ನೀರು ಇಳಿಜಾರಿಗೆ ಹರಿದು ಕೇರಿಗೇ ಬಂತು. ಆ ಒಂಬತ್ತು ದಿನ ನಮಗೆ ಯಾವ ತಾಪತ್ರಯವೂ ಇರಲಿಲ್ಲ. ಆಮೇಲೆ ಶುರುವಾಯಿತು. ಮುಂಚೆ ನಮ್ಮ ಹೆಂಗಸರು ಹೊಂಗೆ ಮರದ ಕೆಳಗೆ ಕೊಡ ಇಟ್ಟು ಕಾದರೆ ಯಾರಾದರೂ ಸೇದಿ ಸುರಿಯುತ್ತಿದ್ದರು. ಅದನ್ನು ಪಟೇಲ ನಿಲ್ಲಿಸಿದ. ನೀರಿಗೆ ಅರ್ಧ ಹರದಾರಿ ದೂರದ ಹಳ್ಳಕ್ಕೆ ಹೋಗಿ ಮರಳು ತೋಡಿ ಮೊಗೆಯಬೇಕಾಯಿತು.

"ನಿನ್ ಹೆಂಡ್ತಿ ಪಟೇಲನ ಸೊಸೆ ಕುಂಡಿ ತೊಳೀತಾ ಕುಂತವ್ಳೆ. ನಮ್ ಹೆಣ್ಮಕ್ಳು ನೀರು ಹೊತ್ತು ಹೊತ್ತು ಸಾಯ್ತಾವ್ರೆ" ಎಂದು ಬೋರಪ್ಪ ಬೈದ. ಅವನು ಹೇಳಿದ್ದು ಸುಳ್ಳಲ್ಲ.

"ಅವ್ಳಿಗೆ ತಿಥಿ ಆಗೈತೆ. ಯಾರ್ ಸೊಸೆನೂ ಅಲ್ಲ ಈಗ" ಎಂದಳು ಕದರಮ್ಮ.

ಅವಳು ಮಾಡುತ್ತಿದ್ದ ಆರೈಕೆಗೆ ಮಂತ್ರವೂ ಇರಲಿಲ್ಲ, ಮದ್ದೂ ಇರಲಿಲ್ಲ. ಕುಡುಗೋಲು, ಹಗ್ಗ ಬೋರಪ್ಪನ ಮನೆಗೆ ಹೋದವು. ಜಗದಾಂಬನನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡುತ್ತಿರಲಿಲ್ಲ. ಕದರಮ್ಮ ಕೂಲಿಗೆ ಹೋದರೆ ಲಕ್ಷ್ಮಕ್ಕ ಕೂರುತ್ತಿದ್ದಳು, ಇಲ್ಲವೇ ರಂಗಕ್ಕ. ಬೆಳಿಗ್ಗೆ ಎಬ್ಬಿಸಿ ಬಿಸಿಲಿನ ಗೋಡೆಗೆ ಒರಗಿಸುತ್ತಿದ್ದರು. ಮೊದಲ ವಾರ ಕದರಮ್ಮ ಕೇಳಿದ ಕೆಲಸ ಒಂದೇ, ಹಲ್ಲುಜ್ಜುವುದು. ಅದಕ್ಕೇ ಮಧ್ಯಾಹ್ನವಾಗುತ್ತಿತ್ತು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಮುಖ ತೊಳೆಯುವುದು. ಅಂಬಲಿಯನ್ನು ಒಂದು ಗುಟುಕು ಕುಡಿಸಿ, ಕಾದು, ಇನ್ನೊಂದು ಗುಟುಕು. ತಲೆಯ ಸಿಕ್ಕು ಬಿಡಿಸಲು ಲಕ್ಷ್ಮಕ್ಕನಿಗೆ ನಾಲ್ಕು ದಿನ ಹಿಡಿಯಿತು.

ಒಂದು ದಿನ ಜಗದಾಂಬ ಕೇಳಿದಳು. "ನಾ ಯಾಕೆ ಬದ್ಕಿದೀನಿ ಕದ್ರಮ್ಮ?"

"ನಂಗೊತ್ತಿಲ್ಲ ಕಣವ್ವ. ಇವತ್ತು ಸಾಯ್ಬೇಕು ಅನ್ಸುತ್ತಾ?"

"ಹೂಂ."

"ಅಂಗಾರೆ ಇವತ್ತು ನಾ ಕೂಲಿಗೆ ಹೋಗಕಿಲ್ಲ."

ಸಾಯುವ ಮಾತನ್ನು ನೀನೇ ಎತ್ತಿ ಕೇಳಬಹುದೇ ಎಂದು ನಾನು ಗದರಿದೆ. "ಕೇಳುದ್ರೆ ತಾನೆ ಗೊತ್ತಾಗೋದು" ಎಂದಳು. ಅಂದಿನಿಂದ ದಿನಾ ಬೆಳಿಗ್ಗೆ ಕೇಳುತ್ತಿದ್ದಳು, ನಾವು ಉಂಡೆಯಾ ಎಂದು ಕೇಳುವ ಹಾಗೆ.

ಕದರಮ್ಮನಿಗೆ ಇದ್ದದ್ದು ಒಂದೇ ಭಯ. "ಮಲ್ಗಿರೋಗಂಟ ಚಿಂತೆ ಇಲ್ಲ ಕಣಯ್ಯೋ. ಎದ್ದು ಓಡಾಡಕ್ಕೆ ಸುರು ಮಾಡ್ತಾಳಲ್ಲ, ಆಗ್ಲೇ ಕಾಯ್ಬೇಕು. ನಮ್ಮವ್ವ ವರ್ಸ ಮಲ್ಗಿದ್ಲು. ಒಂದಿನ ಎದ್ದು ಕಸ ಗುಡ್ಸುದ್ಲು, ಮಿಂದ್ಲು, ನಮ್ಗೆಲ್ಲ ಮುದ್ದೆ ಕಟ್ಟಿಕ್ಕುದ್ಲು. ನಾವು ಹಿಗ್ಗುದ್ವಿ. ಸಂಜೀಗೆ ಮರದಾಗಿದ್ಲು. ಸಾಯಕ್ಕೂ ಕಸುವು ಬೇಕಲ್ಲ, ಅದು ಮೊದ್ಲು ಬತ್ತದೆ."

ಐದನೇ ತಿಂಗಳು ಒಂದು ಬೆಳಿಗ್ಗೆ ಜಗದಾಂಬ ತಾನಾಗಿ ಎದ್ದಳು. ಮುಖ ತೊಳೆದಳು, ತುರುಬು ಕಟ್ಟಿಕೊಂಡಳು. ಕದರಮ್ಮ ಮುದ್ದೆ ತಿರುವುತ್ತಿದ್ದಳು. ಮೂಲೆಯ ಕೊಡ ಎತ್ತಿಕೊಂಡು ಜಗದಾಂಬ ಹೊರಗೆ ಹೋದಳು. ನಾವು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಹಳ್ಳದ ಕಡೆಗಲ್ಲ, ಊರ ಬಾವಿಯ ದಾರಿ ಹಿಡಿದಿದ್ದಳು.

"ಎದ್ಬುಟ್ಳು" ಎಂದಳು ಕದರಮ್ಮ. ಇಬ್ಬರೂ ಓಡಿದೆವು.

ಜಗದಾಂಬ ಆಗಲೇ ಕಟ್ಟೆ ಹತ್ತಿ ಬಗ್ಗಿ ನೀರು ನೋಡುತ್ತಿದ್ದಳು. ಊರ ಹೆಂಗಸರು ಹಗ್ಗ ಬಿಟ್ಟು ದೂರ ಸರಿದಿದ್ದರು. ನಾನು ಹೊಂಗೆ ಮರದ ಹತ್ತಿರ ನಿಂತುಬಿಟ್ಟೆ. ಒಂದು ಸಲ ಬಾವಿಗೇ ಹಾರಿದವನು ಅವತ್ತೇಕೆ ನಿಂತೆನೋ, ಈಗಲೂ ನೆನೆದರೆ ನಾಚಿಕೆಯಾಗುತ್ತದೆ. ಕದರಮ್ಮ ನಿಲ್ಲಲಿಲ್ಲ. ಕಟ್ಟೆ ಹತ್ತಿ ಏದುಸಿರು ಬಿಡುತ್ತಾ ಕೇಳಿದಳು.

"ಇವತ್ತು ಅನ್ಸುತ್ತಾ?"

ಜಗದಾಂಬ ನೀರು ನೋಡುತ್ತಲೇ ಇದ್ದಳು. "ಅನ್ಸುತ್ತೆ" ಎಂದಳು. "ನೀರು ತಕ್ಕೊಂಡು ಹೋಗ್ಬೇಕು ಅಂತ್ಲೂ ಅನ್ಸುತ್ತೆ."

"ಅಂಗಾರೆ ಮೊದ್ಲು ನೀರು ಸೇದು" ಎಂದಳು ಕದರಮ್ಮ. ಜಗದಾಂಬನ ಸೀರೆಯ ಸೆರಗನ್ನು ತನ್ನ ಕೈಗೆ ಎರಡು ಸುತ್ತು ಸುತ್ತಿಕೊಂಡಳು.

ಮೊದಲ ಕೊಡ ಮೇಲೆ ಬರುವಾಗ ಪಟೇಲ ಬಂದ, ಹಿಂದೆ ಮಹಾಲಿಂಗಯ್ಯ.

"ಯಾವಳೇ ಅವ್ಳು? ಇಳಿಯೇ ಕಟ್ಟೆ."

"ಯಾವಳು ಅಂತ ನೀವೇ ಹೇಳಿ ಮಾವ" ಎಂದಳು ಜಗದಾಂಬ. ದನಿ ಸಣ್ಣದಾಗಿತ್ತು. "ಬದ್ಕಿದೀನಿ ಅನ್ನಂಗಿದ್ರೆ ನಿಮ್ ಸೊಸೆ, ಸೇದ್ತೀನಿ. ಸತ್ತಿದೀನಿ ಅನ್ನಂಗಿದ್ರೆ ನನ್ ತಿಥಿ ಉಂಡೋರು ನೀವು, ಯಾರ್ ಜತೆ ಮಾತಾಡ್ತಿದೀರ?"

ಪಟೇಲ ಮಹಾಲಿಂಗಯ್ಯನ ಮುಖ ನೋಡಿದ. ಮಹಾಲಿಂಗಯ್ಯ ಪಂಚಾಂಗ ನೋಡಿ ಹೇಳುತ್ತೇನೆಂದು ಮನೆಗೆ ಹೋದ. ಅವಳನ್ನು ಇಳಿಸಬೇಕೆಂದರೆ ಮುಟ್ಟಬೇಕಿತ್ತು. ಮುಟ್ಟುವವರು ಯಾರೂ ಇರಲಿಲ್ಲ, ನಾನೊಬ್ಬನನ್ನು ಬಿಟ್ಟು.

"ಲೇ ಪಾಲ, ಏನ್ಲಾ ನೋಡ್ತಾ ನಿಂತಿದೀಯ ಸೂಳೆಮಗನೆ? ಹೋಗಿ ಎಳ್ದಾಕೋ ಅವ್ಳನ್ನ."

ಅಪ್ಪಣೆಯಾಯಿತು. ಹೋದೆ. ಇಪ್ಪತ್ತು ಹೆಜ್ಜೆಯನ್ನೂ ಈ ಸಲ ಎಣಿಸಿಕೊಂಡೇ ಹೋದೆ. ತುಂಬಿದ ಕೊಡವನ್ನು ಅವಳ ಕೈಯಿಂದ ತೆಗೆದುಕೊಂಡು ಹಳ್ಳಕ್ಕೆ ಹೊರಟು ನಮ್ಮ ಹಿಂದೆ ಓಡಿಬಂದು ಕೆಳಗೆ ನಿಂತಿದ್ದ ಲಕ್ಷ್ಮಕ್ಕನ ತಲೆಗೆ ಇಟ್ಟೆ. ಲಕ್ಷ್ಮಕ್ಕ ಖಾಲಿ ಕೊಡ ಕೊಟ್ಟಳು. ಅವಳ ಹಿಂದೆ ರಂಗಕ್ಕ ಇದ್ದಳು, ರಂಗಕ್ಕನ ಹಿಂದೆ ಕೇರಿಯ ಆರು ಜನ ಹೆಂಗಸರು, ಎಲ್ಲರಿಗಿಂತ ಕೊನೆಗೆ ಎರಡು ಕೊಡ ಹಿಡಿದ ಬೋರಪ್ಪ.

ಪಟೇಲ ದೊಡ್ಡಬೀದಿಯ ಕಡೆ ತಿರುಗಿ ಹೋದ. ಏಕೆ ಹೋದನೆಂದು ನಮಗೆಲ್ಲ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ದೊಡ್ಡಬೀದಿಯಲ್ಲಿ ಬಾಗಿಲುಗಳು ತೆರೆದ ಸದ್ದಾಯಿತು, ಜನ ಒಬ್ಬರನ್ನೊಬ್ಬರು ಕರೆದರು. ಬೀದಿಯ ತಿರುವಿನಲ್ಲಿ ದೊಣ್ಣೆಗಳು ಕಂಡವು.

ಜಗದಾಂಬ ಬಗ್ಗಿ ಹಗ್ಗ ಬಿಟ್ಟಳು, ಎಳೆದಳು, ಮತ್ತೆ ಬಗ್ಗಿದಳು. ಅವಳು ನೀರಿನ ಕಡೆ ಬಗ್ಗಿದಾಗಲೆಲ್ಲ ಕದರಮ್ಮ ಸೆರಗು ಬಿಗಿಯುತ್ತಿದ್ದಳು. ದೊಣ್ಣೆಗಳು ಹೊಂಗೆ ಮರ ದಾಟಿದವು. ಕದರಮ್ಮ ಆ ಕಡೆ ತಿರುಗಿ ನೋಡಲಿಲ್ಲ. ಅವಳ ಕಣ್ಣು ಜಗದಾಂಬನ ಕಾಲುಗಳ ಮೇಲಿತ್ತು.