ಆಮಿಶ್ ಕಥೆ ಓದುತ್ತಿದ್ದ ಮನೆ

ಹೋಟೆಲಿನ ಹೊದಿಕೆಗಳನ್ನು ಗಂಜಿ ನೀರಿಗೆ ಅದ್ದಿ ಹಿಂಡುತ್ತಿದ್ದ ಸೊಸೆಯ ಬೆನ್ನಿಗೆ ಅಜ್ಜಿಯ ಕೂಗು ಬಿತ್ತು.

"ಏ, ಅದನ್ನ ಅಲ್ಲೇ ಬಿಟ್ಟು ಬಾರೇ! ಕಥೇಲಿ ಆ ಹುಡುಗಿ ಕುದುರೆಗಾಡಿ ಹತ್ತಿದ್ಲೋ ಇಲ್ವೋ? ನಂಗೆ ಮನಸ್ಸೆಲ್ಲ ಅಲ್ಲೇ ಇದೆ."

"ಅರ್ಧ ಅದ್ದಿಬಿಟ್ಟಿದೀನಿ ಅತ್ತೆ. ಹೀಗೇ ಬಿಟ್ರೆ ಕಲೆ ಕಲೆಯಾಗಿ ಒಣಗುತ್ತೆ."

"ಒಣಗ್ಲಿ. ಇನ್ನೊಂದ್ಸಲ ಒಗೆಯೋಕೆ ನಿಂಗೇನು ಧಾಡಿ?"

ಸೊಸೆ ಕೈ ಒರೆಸಿಕೊಂಡು ಎದ್ದಳು. ಈ ಲಾಂಡ್ರಿಯಲ್ಲಿ ಅಜ್ಜಿಯ ಮಾತಿಗೆ ಎದುರಾಡಿ ಗೆದ್ದವರಿರಲಿಲ್ಲ. ಹಿಂದೆ ಒಗೆಯುವ ತೊಟ್ಟಿಗಳು, ನಡುವೆ ಇಸ್ತ್ರಿ ಮೇಜುಗಳು, ಮುಂದೆ ಬೀದಿಗೆ ಬಾಯಿ ತೆರೆದ ಕಟ್ಟೆ, ಮೇಲೆ ಮಲಗುವ ಎರಡು ಕೋಣೆ. ಇಷ್ಟಕ್ಕೂ ಅಜ್ಜಿಯೇ ಯಜಮಾನಿ. ಮಗ ಬೆಳಗಾಗುತ್ತಲೇ ಗಂಟು ಹೊತ್ತು ಮನೆ ಮನೆಗೆ ಬಟ್ಟೆ ಮುಟ್ಟಿಸಲು ಹೋದರೆ ಮಧ್ಯಾಹ್ನದವರೆಗೆ ಪತ್ತೆಯಿಲ್ಲ. ಬೈಗುಳವೆಲ್ಲ ಸೊಸೆಯ ಪಾಲಿಗೆ.

ಕಣ್ಣಿಗೆ ಪೊರೆ ಬಂದ ಮೇಲೆ ಅಜ್ಜಿಗೆ ಹತ್ತಿದ ಹುಚ್ಚೆಂದರೆ ಸೊಸೆಯಿಂದ ಆಮಿಶ್ ಜನರ ಪ್ರೇಮಕಥೆ ಓದಿಸಿಕೊಳ್ಳುವುದು. ದೂರದ ದೇಶದಲ್ಲಿ ತಮ್ಮದೇ ಕಟ್ಟಳೆ ಹಾಕಿಕೊಂಡು ಬದುಕುವ ಜನ ಅವರು. ಮೋಟಾರು ಇಟ್ಟುಕೊಳ್ಳುವುದಿಲ್ಲ, ಮನೆಗೆ ಕರೆಂಟು ಎಳೆಸುವುದಿಲ್ಲ. ಪುಸ್ತಕದ ರಕ್ಷಾಪುಟದಲ್ಲಿ ಯಾವಾಗಲೂ ಬಿಳಿ ಟೋಪಿ ಕಟ್ಟಿದ ಒಬ್ಬ ಹುಡುಗಿ, ಹಿಂದೆ ಗೋಧಿ ಹೊಲ. ಹುಡುಗಿ ಯಾರನ್ನೋ ಮೆಚ್ಚುತ್ತಾಳೆ, ಊರ ಹಿರಿಯರು ಮುನಿಯುತ್ತಾರೆ, ಕೊನೆಯ ಅಧ್ಯಾಯದಲ್ಲಿ ಅಪ್ಪ ಬಾಗಿಲು ತೆರೆಯುತ್ತಾನೆ. ಅಷ್ಟು ಹೊತ್ತಿಗೆ ಅಜ್ಜಿ ಗಿರಾಕಿಯ ಯಾವುದೋ ಟವೆಲಿಗೆ ಮೂಗು ಸೀಟಿರುತ್ತಿದ್ದಳು. ಅದನ್ನು ಮತ್ತೆ ಒಗೆಯುವವಳೂ ಸೊಸೆಯೇ.

"ಹೆಣ್ಣುಮಕ್ಕಳು ಅಂದ್ರೆ ಅವ್ರು. ನೋಡಿ ಕಲಿ," ಎನ್ನುವಳು ಅಜ್ಜಿ. "ಯಂತ್ರ ಬೇಕು ಅಂತ ಒಬ್ಳಾದ್ರೂ ಬಾಯಿ ಬಿಡ್ತಾಳಾ?"

"ನಮ್ಮ ಇಸ್ತ್ರಿ ಪೆಟ್ಟಿಗೆಗೆ ಕುದುರೆ ಕಟ್ಟೋಣ್ವಾ ಅಜ್ಜಿ?" ಎಂದು ಚೂಟಿ ಒಮ್ಮೆ ಕೇಳಿ ಕಿವಿ ಹಿಂಡಿಸಿಕೊಂಡಿದ್ದಳು. ಚೂಟಿ ಸೊಸೆಯ ಮಗಳು, ಇರುವುದೇ ಗೇಣುದ್ದ. ಅವತ್ತೂ ಅಲ್ಲೇ ಬಟ್ಟೆ ಗಂಟಿನ ಮೇಲೆ ಕೂತು ಕಾಲುಚೀಲಗಳಿಗೆ ಜೋಡಿ ಹುಡುಕುತ್ತಿದ್ದಳು.

ಯಂತ್ರದ ಮಾತು ಸುಮ್ಮನೆ ಬಂದದ್ದಲ್ಲ. ಅಜ್ಜಿಯ ಮಗಳು, ಎಲ್ಲರ ಬಾಯಲ್ಲೂ ಗುಬ್ಬಿ, ತೊಟ್ಟಿಯ ಮುಂದೆ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋದಾಗ ಒಂದು ಒಗೆಯುವ ಯಂತ್ರ ತರೋಣವೆಂದಳು. ಅಜ್ಜಿ ಕೂಗಾಡಿದಳು. ಗುಬ್ಬಿಯೂ ಅದೇ ಹೊಟ್ಟೆಯಲ್ಲಿ ಹುಟ್ಟಿದವಳು, ಮಾರನೆಯ ವಾರವೇ ಎದುರು ಸಾಲಿನ ಯಂತ್ರದ ಲಾಂಡ್ರಿಗೆ ಕೆಲಸಕ್ಕೆ ಸೇರಿ ಅಲ್ಲೇ ಕೋಣೆ ಹಿಡಿದಳು. ಅಂದಿನಿಂದ ಅಜ್ಜಿ ಅವಳೊಡನೆ ಮಾತು ಬಿಟ್ಟಿದ್ದಳು. ಆದರೂ ಗುಬ್ಬಿ ಆಗಾಗ ಬರುತ್ತಿದ್ದಳು, ಚೂಟಿಗೆ ಜಡೆ ಹಾಕಿ ಹೋಗುತ್ತಿದ್ದಳು. ಅಜ್ಜಿ ಗೋಡೆ ನೋಡಿಕೊಂಡು ಕೂತಿರುತ್ತಿದ್ದಳು, ಅಷ್ಟೆ.

ಹಿಂದಿನ ದಿನ ಗುಬ್ಬಿ ಬೀದಿಯಲ್ಲಿ ಸೊಸೆಯನ್ನು ತಡೆದು ನಿಲ್ಲಿಸಿದ್ದಳು. "ಅತ್ತಿಗೆ, ನನ್ನ ಬೇರೆ ಊರಿನ ಅಂಗಡಿಗೆ ಕಳಿಸ್ತಿದಾರೆ. ನಾಳೇನೇ ಹೊರಡ್ಬೇಕು. ಅಮ್ಮ ಒಂದು ಮಾತಾಡಿದ್ರೆ ರಜೆಗೆ ಬರೋಕೆ ನಂಗೂ ಒಂದು ಮನೆ ಇರುತ್ತೆ. ಮಾತಾಡ್ಲಿಲ್ವೋ, ಮತ್ತೆ ಈ ಕಡೆ ತಲೆ ಹಾಕಲ್ಲ. ಎಷ್ಟು ಅಂತ ಗೋಡೆ ಜೊತೆ ಮಾತಾಡ್ಲಿ?"

ಅಜ್ಜಿಗೆ ನೇರವಾಗಿ ಹೇಳುವ ಎದೆ ಸೊಸೆಗಿಲ್ಲ. ಅದಕ್ಕೇ ಒಂದು ಉಪಾಯ ಹೂಡಿದಳು. ಗ್ರಂಥಾಲಯದಿಂದ ಪ್ರೇಮಕಥೆಯ ಜೊತೆ ಇನ್ನೊಂದು ಪುಸ್ತಕ ತಂದಿದ್ದಳು. ಆಮಿಶ್ ಮನೆ ಬಿಟ್ಟು ಹೊರಬಂದ ಹೆಂಗಸೊಬ್ಬಳು ತನ್ನ ಬಾಳನ್ನು ತಾನೇ ಬರೆದದ್ದು. ಕಟ್ಟುಕಥೆಗೇ ಇಷ್ಟು ಅಳುವ ಜೀವ ನಿಜದ ಮಗಳ ಸಂಕಟ ಕೇಳಿದರೆ ಕರಗದೆ ಇದ್ದೀತೆ?

"ಇವತ್ತು ಬೇರೆ ಓದ್ತೀನಿ ಅತ್ತೆ. ಇದು ನಡೆದದ್ದು."

"ನಡೆದದ್ದೋ ಮಲಗಿದ್ದೋ, ಓದು."

"ಅಮ್ಮಾ, ಒಂದು ಮಾತು ಕೇಳ್ಲಾ?" ಎಂದಳು ಚೂಟಿ.

"ಆಮೇಲೆ ಕಂದ."

ಸೊಸೆ ಓದತೊಡಗಿದಳು. ಮನೆ ಬಿಟ್ಟವಳು ವರ್ಷಗಳ ಮೇಲೆ ತಾಯಿಯನ್ನು ನೋಡಲು ಬಂದಳು. ಬಾಗಿಲು ತೆರೆದೇ ಇತ್ತು. ಆದರೆ ಅವಳಿಗೆ ಊಟ ಬಡಿಸಿದ್ದು ದೊಡ್ಡ ಮೇಜಿನಲ್ಲಲ್ಲ, ಮೂಲೆಯಲ್ಲಿ ಹಾಕಿದ ಚಿಕ್ಕ ಮೇಜಿನಲ್ಲಿ. ತಂಗಿಯ ಕೂಸಿಗೆಂದು ಹೆಣೆದು ತಂದ ಸ್ವೆಟರನ್ನು ತಾಯಿಗೆ ಚಾಚಿದಳು. ತಾಯಿ ಕೈ ಚಾಚಲಿಲ್ಲ. ಕಟ್ಟಳೆ ಮೀರಿದವರ ಕೈಯಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಅವರು ಕೆಳಗಿಡಬೇಕು, ಇವರು ಆಮೇಲೆ ಎತ್ತಿಕೊಳ್ಳಬೇಕು. ಆ ಮಗಳು ಸ್ವೆಟರನ್ನು ಕುರ್ಚಿಯ ಮೇಲಿಟ್ಟು ಹೊರಗೆ ನಡೆದಳು.

ಓದುತ್ತ ಓದುತ್ತ ಸೊಸೆ ತಲೆಯೆತ್ತಿ ನೋಡಿದಳು. ಅಜ್ಜಿಯ ಕೈಯಲ್ಲಿ ಟವೆಲಿತ್ತು. ಅದಕ್ಕೆ ಒಂದು ಹನಿಯೂ ತಾಗಿರಲಿಲ್ಲ.

"ಭಲೇ!" ಎಂದಳು ಅಜ್ಜಿ. "ತಾಯಿ ಅಂದ್ರೆ ಹೀಗಿರ್ಬೇಕು. ನಾನು ಬರೀ ಮಾತು ಬಿಟ್ಟು ಕೂತೆ ನೋಡು, ಅದು ನನ್ನ ದಡ್ಡತನ. ಅವಳು ಜುಮ್ಮಂತ ಬರ್ತಾಳೆ, ಜಡೆ ಹಾಕ್ತಾಳೆ, ನೆಂಟರ ಥರ ಕೂತು ಹೋಗ್ತಾಳೆ. ಕೈಯಿಂದ ತಗೋಬಾರ್ದು ಅನ್ನೋದು ನಂಗೆ ಹೊಳೆದೇ ಇರ್ಲಿಲ್ಲ. ಒಳ್ಳೆ ಪುಸ್ತಕ ತಂದೆ ಕಣೇ. ಇಷ್ಟು ದಿನಕ್ಕೆ ಒಂದು ಬುದ್ಧಿವಂತಿಕೆ ಕೆಲಸ ಮಾಡಿದೆ."

ಸೊಸೆ ಪುಸ್ತಕ ಮುಚ್ಚಿದಳು. "ಅತ್ತೆ, ಅದು ಹಾಗಲ್ಲ... ಆ ಮಗಳಿಗೆ ಎಷ್ಟು ನೋವಾಯ್ತು ಅಂತ..."

"ನೋವಾಗ್ಲಿ ಅಂತಾನೇ ಮಾಡೋದು. ಇನ್ಮೇಲೆ ಈ ಮನೇಲೂ ಅದೇ. ಅವಳ ಕೈಯಿಂದ ನೀನಾಗ್ಲಿ, ಈ ಪಿಳ್ಳೆಯಾಗ್ಲಿ, ಏನಾದ್ರೂ ತಗೊಂಡ್ರೋ, ಅವಳ ಹಿಂದೇನೇ ನಡೀರಿ. ನನ್ನ ಮಗನಿಗೆ ನಾನಿದೀನಿ."

"ಅಮ್ಮಾ..."

"ಸುಮ್ನಿರು ಚೂಟಿ," ಎಂದಳು ಸೊಸೆ. ಎಂದೂ ಮಗಳ ಮೇಲೆ ಏರದ ದನಿ ಏರಿತ್ತು.

ಬಾಯಿಯ ಮಾತು ಬಾಯಲ್ಲೇ ಇರುವಾಗ ಕಟ್ಟೆಯ ಆಚೆ ಗುಬ್ಬಿ ಬಂದು ನಿಂತಳು. ಪ್ರಯಾಣದ ಉಡುಪು, ಕಾಲ ಬಳಿ ಪೆಟ್ಟಿಗೆ. ಕೈಯಲ್ಲಿ ಒಂದು ಸೀಸೆ.

"ಅಮ್ಮಾ, ಹೊರಟೆ," ಎಂದಳು.

ಅಜ್ಜಿ ಗೋಡೆಯತ್ತ ತಿರುಗಿದಳು.

ಗುಬ್ಬಿ ಅತ್ತಿಗೆಯ ಕಡೆ ನೋಡಿ ನಗಲು ಪ್ರಯತ್ನಿಸಿದಳು. "ಅಮ್ಮನ ಮಂಡಿನೋವಿನ ಎಣ್ಣೆ. ಮುಂಚೆ ನಾನೇ ಹಚ್ತಿದ್ದೆ. ಸ್ವಲ್ಪ ಬೆಚ್ಚಗೆ ಮಾಡಿ ಹಚ್ಚಿ ಅತ್ತಿಗೆ. ಎಡಗಾಲಿಗೆ ಜಾಸ್ತಿ. ಬೈತಾರೆ, ಕೇಳಿಸ್ಕೋಬೇಡಿ."

ಅವಳು ಸೀಸೆಯನ್ನು ಕಟ್ಟೆಯ ಮೇಲಿಂದ ಚಾಚಿದಳು. ಸೊಸೆಯ ಕೈ ತಾನಾಗಿಯೇ ಮುಂದೆ ಹೋಯಿತು.

"ಕೆಳಗಿಡೋಕೆ ಹೇಳು ಅವಳಿಗೆ," ಎಂದಳು ಅಜ್ಜಿ, ಗೋಡೆಗೆ.

ಬೆರಳಿಗೂ ಸೀಸೆಗೂ ನಡುವೆ ಒಂದು ಅಂಗಿಗುಂಡಿ ಹಿಡಿಸುವಷ್ಟು ಜಾಗ. ಹಿಡಿದುಬಿಡು ಎಂದು ಮನಸ್ಸಿನೊಳಗೆ ಯಾರೋ ಕೂಗಿದರು. ಹಿಡಿದರೆ ಎದುರಿಸಬೇಕಾದ ಇವತ್ತಿನ ದಿನ, ನಾಳೆಯ ದಿನ, ಈ ಮುದುಕಿಯ ಬಾಯಿ, ಗಂಡನ ತಗ್ಗಿಸಿದ ತಲೆ, ಎಲ್ಲವೂ ಸೊಸೆಯ ಕಣ್ಣ ಮುಂದೆ ಸಾಲಾಗಿ ಬಂದವು. ಅವಳ ಕೈ ಹಿಂದೆ ಸರಿಯಿತು. ಸರಿದದ್ದಷ್ಟೇ ಅಲ್ಲ, ಕಟ್ಟೆಯ ಕಡೆ ತೋರಿಸಿತು.

ಗುಬ್ಬಿ ಅತ್ತಿಗೆಯ ಮುಖ ನೋಡಿದಳು. ಅಮ್ಮನ ಬೆನ್ನನ್ನು ನೋಡುವಾಗ ಇಲ್ಲದ್ದೇನೋ ಈಗ ಆ ಕಣ್ಣಲ್ಲಿ ಬಂದಿತ್ತು. "ನೀವೂನಾ ಅತ್ತಿಗೆ?" ಎಂದಳು ಮೆಲ್ಲಗೆ. ಸೀಸೆಯನ್ನು ಕಟ್ಟೆಯ ಮೇಲಿಟ್ಟು ಪೆಟ್ಟಿಗೆ ಎತ್ತಿಕೊಂಡಳು. ಬೀದಿ ದಾಟುವವರೆಗೂ ತಿರುಗಿ ನೋಡಲಿಲ್ಲ.

"ಹಾಂ, ಈಗ ಎತ್ಕೊಂಡು ಬಾ," ಎಂದಳು ಅಜ್ಜಿ. "ಎಣ್ಣೆ ಏನು ಪಾಪ ಮಾಡಿದೆ?"

ಸೊಸೆ ಅಲುಗಲಿಲ್ಲ. ಹಿಂದಿನ ತೊಟ್ಟಿಯ ಬಳಿ ಗಂಜಿ ಹೊದಿಕೆ ಅರ್ಧ ಒಣಗಿ ಬಿರುಸಾಗುತ್ತಿತ್ತು. ಗಂಟಿನಿಂದ ಇಳಿದ ಚೂಟಿ ಜೋಡಿಯಾದ ಒಂದು ಜೊತೆ ಕಾಲುಚೀಲ ಹಿಡಿದು ಬಂದಳು. ಎಂದಿನಂತೆ ಅಮ್ಮನ ಕೈಗೆ ಕೊಡಲಿಲ್ಲ. ಇಸ್ತ್ರಿ ಮೇಜಿನ ಅಂಚಿನಲ್ಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

"ಯಾಕೆ ಚಿನ್ನ? ಕೈಗೇ ಕೊಡು," ಎಂದಳು ಸೊಸೆ.

ಚೂಟಿ ಕೊಡಲಿಲ್ಲ. ಬೆಳಗಿನಿಂದ ಹಿಡಿದಿಟ್ಟ ಮಾತು ಈಗ ಬೇರೆಯೇ ಮಾತಾಗಿ ಹೊರಬಂತು.

"ಅಮ್ಮಾ, ನಾನು ದೊಡ್ಡವಳಾಗಿ ಬೇರೆ ಕಡೆ ಕೆಲ್ಸಕ್ಕೆ ಹೋದ್ರೆ, ನನ್ನ ಕೈಯಿಂದಾನೂ ತಗೊಳಲ್ವಾ ನೀನು?"